ಹೆಸರು ಬರೆದಿಡೋಣ



ಸತ್ತವರಿಗೆ ಎಲೆ ಹಾಕಿ ಬಡಿಸುವುದರಲ್ಲಿ ನಮ್ಮ ಕರಾವಳಿಯವರು ಎಂದೂ ಹಿಂದೆ ಬಿದ್ದವರಲ್ಲ. ಆಟಿ ತಿಂಗಳ ಮಳೆ ಎಷ್ಟೇ ಸುರಿಯಲಿ, ದೋಣಿ ಕಡಲಿಗಿಳಿಯದೆ ಕೈಯಲ್ಲಿ ಕಾಸಿಲ್ಲದಿರಲಿ, ಹಿರಿಯರಿಗೆ ಬಡಿಸದೆ ಆಟಿ ಕಳೆದ ಮನೆ ನಮ್ಮ ಕಡೆ ಅಪರೂಪ. ಸಾಲ ಮಾಡಿಯಾದರೂ ಬೊಜ್ಜ ಮಾಡುತ್ತೇವೆ. ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ಹಲವು ವರ್ಷಗಳ ಮೇಲೆ ಕುಲೆ ಮದುವೆಯನ್ನೂ ಮಾಡುತ್ತೇವೆ. ಸತ್ತವರನ್ನು ಇಷ್ಟೊಂದು ಆದರದಿಂದ ಕಾಣುವ ನಾಡಿನಲ್ಲಿ ಅವರ ಹೆಸರನ್ನು ಬರೆದಿಡುವ ರೂಢಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಎಲೆ ಇದೆ, ಹೆಸರಿಲ್ಲ. ಈ ಕೊರತೆಯ ಕುರಿತು ನಾಲ್ಕು ಮಾತು ಬರೆಯುವ ಅಗತ್ಯ ಈಗ ಒದಗಿದೆ.

ನಮ್ಮ ಕುಟುಂಬದ ಮೂಲಸ್ಥಾನದ ಜೀರ್ಣೋದ್ಧಾರ ನಡೆಯುತ್ತಿರುವುದು ಬಂಧುಗಳಿಗೆಲ್ಲ ತಿಳಿದ ವಿಷಯ. ಬ್ರಹ್ಮಕಲಶದ ದಿನ ಒಂದು ಸ್ಮರಣ ಸಂಚಿಕೆಯನ್ನು ಹೊರತರಬೇಕು, ಅದರಲ್ಲಿ ವಂಶವೃಕ್ಷವನ್ನು ಅಚ್ಚು ಹಾಕಬೇಕು ಎಂದು ತೀರ್ಮಾನವಾಗಿದೆ. ಕರಡು ನಕ್ಷೆ ನನ್ನ ಕೈಗೂ ಬಂತು. ಆರು ತಲೆಮಾರಿನ ಹೆಂಗಸರು ಅದರಲ್ಲಿ ಸಾಲಾಗಿ ಇದ್ದಾರೆ. ನಮ್ಮದು ಅಳಿಯಕಟ್ಟಿನ ಮನೆತನವಾದುದರಿಂದ ಅದು ಸಹಜವೇ. ಆದರೆ ಎರಡು ಮಹಾಯುದ್ಧಗಳ ಕಾಲದಲ್ಲಿ ಈ ಮನೆಯಿಂದ ಹೊರಟು ಹಿಂತಿರುಗದ ಮೂವರು ಗಂಡಸರ ಹೆಸರು ಎಲ್ಲಿಯೂ ಕಾಣಲಿಲ್ಲ. ಕೇಳಿದಾಗ ಸಮಿತಿಯ ತರುಣರೊಬ್ಬರು ವಿನಯದಿಂದಲೇ ಹೇಳಿದರು: "ಮಾಷ್ಟ್ರೇ, ಸಂತಾನವಿಲ್ಲದೆ ಹೋದವರನ್ನೆಲ್ಲ ಸೇರಿಸಿದರೆ ನಕ್ಷೆ ಗೋಜಲಾಗುತ್ತದೆ. ಅವರಿಗೆ ಆಟಿಯಲ್ಲಿ ಬಡಿಸುತ್ತೇವಲ್ಲ?"

ಬಡಿಸುತ್ತೇವೆ, ನಿಜ. ಆದರೆ ಬಡಿಸುವಾಗ ಮನೆಯ ಯಜಮಾನರು ಏನು ಹೇಳುತ್ತಾರೆಂಬುದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. "ಗೊತ್ತಿದ್ದವರೂ ಗೊತ್ತಿಲ್ಲದವರೂ ಬಂದು ಸ್ವೀಕರಿಸಿ" ಎನ್ನುತ್ತಾರೆ. ಇದು ಬಹಳ ಉದಾರವಾದ ಮಾತು. ಆದರೆ ಈ ಔದಾರ್ಯದ ಒಳಗೆ ಒಂದು ಅಪಾಯವೂ ಅಡಗಿದೆ. ಈ ತಲೆಮಾರಿನಲ್ಲಿ ಗೊತ್ತಿದ್ದವರಾಗಿದ್ದವರು ಮುಂದಿನ ತಲೆಮಾರಿನಲ್ಲಿ ಗೊತ್ತಿಲ್ಲದವರ ಗುಂಪಿಗೆ ಸದ್ದಿಲ್ಲದೆ ಸೇರಿಬಿಡುತ್ತಾರೆ. ಯಾರೂ ಅವರನ್ನು ಮರೆಯಬೇಕೆಂದು ಮರೆಯುವುದಿಲ್ಲ. ಎಲೆಯೊಂದು ಇದ್ದೇ ಇರುವುದರಿಂದ ಮರೆತದ್ದು ಗಮನಕ್ಕೇ ಬರುವುದಿಲ್ಲ, ಅಷ್ಟೇ.

ಆ ಮೂವರನ್ನು ನಮ್ಮ ಮನೆಯಲ್ಲಿ ಕರೆಯುತ್ತಿದ್ದ ರೀತಿಯೇ ಇದಕ್ಕೆ ಸಾಕ್ಷಿ. ಒಬ್ಬರು 'ಬಸ್ರಾದ ಅಜ್ಜ', ಇನ್ನೊಬ್ಬರು 'ಹಡಗಿನ ಮಾವ', ಮತ್ತೊಬ್ಬ 'ಬೊಂಬಾಯಿಯ ಹುಡುಗ'. ಸತ್ತ ಸ್ಥಳ ಹೆಸರಾಗಿ ಉಳಿಯಿತು, ಹುಟ್ಟಿದಾಗ ತಾಯಿ ಇಟ್ಟ ಹೆಸರು ಹೋಯಿತು.

ಬಸ್ರಾದ ಅಜ್ಜ ನನ್ನ ಅಜ್ಜಿಯ ಅಣ್ಣ. 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಸುಮಾರು 13 ಲಕ್ಷ ಮಂದಿ ಕಡಲಾಚೆಗೆ ಹೋದರೆಂದು ತರಗತಿಯಲ್ಲಿ ನಿಮಗೆಲ್ಲ ಪಾಠ ಹೇಳಿದ್ದೇನೆ. ಅವರಲ್ಲಿ ಬಹುದೊಡ್ಡ ಪಾಲು ಹೋದದ್ದು ಫ್ರಾನ್ಸಿಗಲ್ಲ, ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ. ಅಲ್ಲಿ ಆಗ ಒಳ್ಳೆಯ ರಸ್ತೆಗಳಿರಲಿಲ್ಲ, ರೈಲು ಇರಲಿಲ್ಲವೆನ್ನಬಹುದು. ಸೈನ್ಯಕ್ಕೆ ಅನ್ನ, ಮದ್ದುಗುಂಡು, ಗಾಯಾಳುಗಳು ಎಲ್ಲವೂ ಟೈಗ್ರಿಸ್ ನದಿಯ ಮೇಲೆಯೇ ಸಾಗಬೇಕಾಗಿತ್ತು. ಆದ್ದರಿಂದ ಕೋವಿ ಹಿಡಿಯುವವರಷ್ಟೇ ದೋಣಿ ನಡೆಸುವವರೂ ಬೇಕಾದರು. ಕಡಲ ಕಸುಬಿನ ಮನೆಯ ತರುಣನೊಬ್ಬ ಬೊಂಬಾಯಿಯ ಮೂಲಕ ಬಸ್ರಾ ಸೇರಿದ್ದು ಹೀಗೆ. ಕೆಲವು ತಿಂಗಳು ಮನಿಯಾರ್ಡರು ಬಂತು, ಆಮೇಲೆ ನಿಂತಿತು. ಅಲ್ಲಿ ಗುಂಡಿಗಿಂತ ಹೆಚ್ಚಾಗಿ ಕಾಲರಾ, ಆಮಶಂಕೆ, ಬಿಸಿಲ ಹೊಡೆತಗಳೇ ಜನರನ್ನು ಕೊಂದವು.

ಇಲ್ಲಿ ನನ್ನ ಹಳೆಯ ಇತಿಹಾಸ ಪಾಠದ ಒಂದು ಮಾತನ್ನು ಸೇರಿಸುತ್ತೇನೆ. ಅಜ್ಜ ಹುಟ್ಟಿ ಬೆಳೆದ ಮನೆಯ ಮಾಡಿಗೆ ಹೊದೆಸಿದ್ದು ಬಾಸೆಲ್ ಮಿಶನ್ನಿನ ಹಂಚು. ಮಲ್ಪೆಯಲ್ಲಿ ಆ ಮಿಶನ್ನಿನ ಹಂಚಿನ ಕಾರ್ಖಾನೆ 1886ರಲ್ಲಿ ಆರಂಭವಾಗಿತ್ತು. ಯುದ್ಧ ಬಂದೊಡನೆ ಮಿಶನ್ನಿನ ಜರ್ಮನ್ ಪಾದ್ರಿಗಳು ಶತ್ರುದೇಶದವರೆನಿಸಿದರು; ಅಹ್ಮದನಗರದ ಶಿಬಿರದಲ್ಲಿ ಅವರನ್ನು ಬಂಧನದಲ್ಲಿಟ್ಟರು. ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಜರ್ಮನರ ಮಿತ್ರನಾದ ತುರ್ಕಿಯ ಮೇಲಿನ ಯುದ್ಧದಲ್ಲಿ ಒಬ್ಬ ಸಾಯುತ್ತಿರುವಾಗ ಅವನ ಮನೆಯವರು ಜರ್ಮನ್ ಪಾದ್ರಿಗಳು ಕಲಿಸಿದ ವಿದ್ಯೆಯಿಂದ ಸುಟ್ಟ ಹಂಚಿನ ಅಡಿಯಲ್ಲಿ ಮಲಗುತ್ತಿದ್ದರು. ಯುದ್ಧವೆಂದರೆ ಎಲ್ಲೋ ದೂರದ ಯುರೋಪಿನ ಸಂಗತಿ ಎಂದು ಮಲ್ಪೆಯವರು ಹೇಳುವಂತಿಲ್ಲ.

ಹಡಗಿನ ಮಾವ ನನ್ನ ತಾಯಿಯ ಅಣ್ಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರಕು ಹಡಗೊಂದರ ಇಂಜಿನು ಕೋಣೆಯಲ್ಲಿ ಕಲ್ಲಿದ್ದಲು ತುಂಬುವ ಕೆಲಸದಲ್ಲಿದ್ದರು. ಜಲಾಂತರ್ಗಾಮಿಯ ಟಾರ್ಪೆಡೊ ಬಡಿದಾಗ ಹಡಗಿನ ತಳದಲ್ಲಿರುವ ಇಂಜಿನು ಕೋಣೆಯವರಿಗೆ ಮೇಲೆ ಹತ್ತಿ ಬರಲು ಸಮಯವೇ ಸಿಗುವುದಿಲ್ಲ. ಹಡಗಿನ ಕಂಪೆನಿಯಿಂದ ಬಂದ ಇಂಗ್ಲಿಷ್ ಕಾಗದವನ್ನು ಊರ ಶಾಲೆಯ ಮಾಸ್ತರರೊಬ್ಬರು ಅಜ್ಜಿಗೆ ಓದಿ ತಿಳಿಸಿದರಂತೆ. ಅಜ್ಜಿ ಆ ಕಾಗದವನ್ನು ಅಕ್ಕಿಮುಡಿಯ ಸಂದಿಯಲ್ಲಿ ಇಟ್ಟರು. ಒಂದು ಮಳೆಗಾಲಕ್ಕೆ ಅದು ಗೆದ್ದಲು ಹಿಡಿದು ಹೋಯಿತು.

ಬೊಂಬಾಯಿಯ ಹುಡುಗ ನನ್ನ ತಾಯಿಯ ಕಿರಿಯ ತಮ್ಮ. ನಮ್ಮ ಕಡೆಯ ಅನೇಕರಂತೆ ಚಿಕ್ಕ ವಯಸ್ಸಿನಲ್ಲೇ ಬೊಂಬಾಯಿ ಸೇರಿ, ಬಂದರಿನ ಬಳಿಯ ಉಪಾಹಾರ ಗೃಹದಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಗೆ ಹೋಗುತ್ತಿದ್ದವನು. 1944ರ ಏಪ್ರಿಲ್ 14ರ ಮಧ್ಯಾಹ್ನ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ ಹತ್ತಿಯ ಗಂಟುಗಳ ಜತೆಯಲ್ಲೇ ಸುಮಾರು 1,400 ಟನ್ನು ಸ್ಫೋಟಕಗಳಿದ್ದವು. ಸುಮಾರು ಅರ್ಧ ಗಂಟೆಯ ಅಂತರದಲ್ಲಿ ಎರಡು ಬಾರಿ ಸಿಡಿದು ಬಂದರು, ಗೋದಾಮು, ಸುತ್ತಲಿನ ವಸತಿ ಎಲ್ಲವೂ ಧ್ವಂಸವಾದವು. ಸತ್ತವರ ಸಂಖ್ಯೆಯನ್ನು 800ರಿಂದ 1,300ರವರೆಗೆ ಹೇಳುತ್ತಾರೆ. ಬೆಂಕಿ ಆರಿಸಲು ಹೋಗಿ ಪ್ರಾಣಬಿಟ್ಟ ಅಗ್ನಿಶಾಮಕ ದಳದ 66 ಮಂದಿಯ ನೆನಪಿಗಾಗಿಯೇ ದೇಶದಲ್ಲಿ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ. ನಮ್ಮ ಹುಡುಗನಿಗೆ ಆಗ ಹದಿನೇಳು ತುಂಬಿತ್ತೋ ಇಲ್ಲವೋ. ಎಷ್ಟೋ ವರ್ಷಗಳ ಮೇಲೆ, ಮನೆಯಲ್ಲಿ ಕಷ್ಟಗಳು ಬಂದಾಗ ಪ್ರಶ್ನೆ ಇಟ್ಟು, ಅವನಿಗೆ ಇನ್ನೊಂದು ಮನೆಯ ತೀರಿಹೋದ ಹುಡುಗಿಯೊಂದಿಗೆ ಕುಲೆ ಮದುವೆ ಮಾಡಿಸಿದರು. ಸೀರೆ, ಧೋತರ, ಕರಿಮಣಿ, ಹೂವು ಎಲ್ಲವೂ ಇದ್ದವು. ನಮ್ಮವರು ಅವನನ್ನು ಕೈಬಿಡಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇಷ್ಟಾಗಿಯೂ ವಂಶವೃಕ್ಷದಲ್ಲಿ ಅವನಿಲ್ಲ.

ಈ ಮೂವರ ಸಾವು ಒಂದೇ ಬಗೆಯ ಕಾರಣದಿಂದ ಆದರೂ, ಲೋಕ ಅವರನ್ನು ದಾಖಲಿಸಿದ ರೀತಿ ಮೂರು ಬಗೆಯದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1917ರಲ್ಲಿ ಬ್ರಿಟಿಷರು ಯುದ್ಧದಲ್ಲಿ ಮಡಿದವರ ಸಮಾಧಿ ಹಾಗೂ ಸ್ಮಾರಕಗಳಿಗಾಗಿ ಒಂದು ಆಯೋಗವನ್ನು ಸ್ಥಾಪಿಸಿದರು. ಈಗ ಅದನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎಂದು ಕರೆಯುತ್ತಾರೆ. ದರ್ಜೆ, ಜನಾಂಗ, ಮತಗಳ ಭೇದವಿಲ್ಲದೆ ಎಲ್ಲರಿಗೂ ಸಮಾನವಾದ ಸ್ಮರಣೆ ಎಂಬುದು ಅದರ ಮೂಲ ತತ್ತ್ವ. ತತ್ತ್ವ ಉದಾತ್ತವಾದುದೇ. ಫ್ರಾನ್ಸಿನ ನ್ಯೂವ್ ಶಾಪೆಲ್ ಎಂಬಲ್ಲಿ 1927ರಲ್ಲಿ ನಿಂತ ಭಾರತೀಯ ಸ್ಮಾರಕದಲ್ಲಿ, ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಮಂದಿ ಭಾರತೀಯರ ಹೆಸರುಗಳನ್ನು ಕೆತ್ತಿದ್ದಾರೆ. ಆದರೆ ಬಸ್ರಾದ ಸ್ಮಾರಕದಲ್ಲಿ ಹಾಗಾಗಲಿಲ್ಲ. 40,000ಕ್ಕೂ ಹೆಚ್ಚು ಮಂದಿಯ ಸ್ಮರಣೆಗಾಗಿ ಕಟ್ಟಿದ ಆ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕಲ್ಲಿನಲ್ಲಿ ಕಾಣುತ್ತದೆ. ಕೆಳದರ್ಜೆಯ ಭಾರತೀಯರನ್ನು ಪಡೆಯ ಹೆಸರಿನ ಕೆಳಗೆ ಬರಿಯ ಸಂಖ್ಯೆಯಾಗಿ ತೋರಿಸಿದರು. ಯುರೋಪಿನವರ ಕಣ್ಣಿಗೆ ಬೀಳುವಲ್ಲಿ ಹೆಸರು, ಕಣ್ಣಿಗೆ ಬೀಳದ ಮರಳುಗಾಡಿನಲ್ಲಿ ಸಂಖ್ಯೆ! 2021ರಲ್ಲಿ ಆಯೋಗವೇ ಒಂದು ವರದಿಯನ್ನು ಪ್ರಕಟಿಸಿ ಇದನ್ನು ಒಪ್ಪಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಮಡಿದ ಆಫ್ರಿಕಾ, ಏಷ್ಯಾಗಳ ಕನಿಷ್ಠ 45,000 ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ. ಇನ್ನು ಕನಿಷ್ಠ 1,16,000 ಮಂದಿಯ, ಬಹುಶಃ 3,50,000ದವರೆಗಿನ ಮಂದಿಯ ಹೆಸರು ಸ್ಮಾರಕಗಳಲ್ಲಿ ಸೇರಿಲ್ಲ, ಅಥವಾ ಅವರ ಸ್ಮರಣೆಯೇ ಆಗಿಲ್ಲ ಎಂದು ಹೇಳಿ ಕ್ಷಮೆ ಕೇಳಿತು.

ನಮ್ಮ ದೇಶದಲ್ಲೂ ಇಂಥ ಲೆಕ್ಕದ ಕಲ್ಲುಗಳಿವೆ. ಈ ಊರಿನಿಂದ ಮಹಾಯುದ್ಧಕ್ಕೆ ಇಷ್ಟು ಮಂದಿ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು ಎಂದು ಬರೆದ ಫಲಕಗಳನ್ನು ಬ್ರಿಟಿಷ್ ಸರಕಾರ ಅನೇಕ ಹಳ್ಳಿಗಳಲ್ಲಿ ನೆಡಿಸಿತ್ತು. ಅವುಗಳಲ್ಲಿ ಸಂಖ್ಯೆ ಇರುತ್ತದೆ, ಹೆಸರಿರುವುದಿಲ್ಲ. 1931ರಲ್ಲಿ ಉದ್ಘಾಟನೆಯಾದ ದಿಲ್ಲಿಯ ಇಂಡಿಯಾ ಗೇಟಿನಲ್ಲಿ 13,000ಕ್ಕೂ ಮಿಕ್ಕಿದ ಹೆಸರುಗಳಿವೆ. ಮೊದಲ ಮಹಾಯುದ್ಧದಲ್ಲಿ ಮಡಿದ ಭಾರತೀಯರೋ ಸುಮಾರು 74,000.

ಹಡಗಿನ ಮಾವನ ಪಾಡು ಇದಕ್ಕಿಂತ ವಾಸಿ. ಎರಡನೆಯ ಮಹಾಯುದ್ಧದಲ್ಲಿ ಕಡಲಿನಲ್ಲಿ ಮುಳುಗಿ ಸತ್ತ ಭಾರತೀಯ ವಾಣಿಜ್ಯ ನಾವಿಕರ ಸಂಖ್ಯೆಯೇ ಆರು ಸಾವಿರದಷ್ಟು. ಅದೇ ಹಡಗುಗಳಲ್ಲಿ ಅದೇ ರಾತ್ರಿ ಮುಳುಗಿದ ಬ್ರಿಟಿಷ್ ನಾವಿಕರ ಹೆಸರುಗಳು ಲಂಡನ್ನಿನ ಟವರ್ ಹಿಲ್ ಸ್ಮಾರಕದ ಕಂಚಿನ ಫಲಕಗಳಲ್ಲಿವೆ. ಭಾರತೀಯರ ಹೆಸರುಗಳನ್ನು ಬೊಂಬಾಯಿ ಮತ್ತು ಚಿತ್ತಗಾಂಗುಗಳಿಗಾಗಿ ಮಾಡಿದ ಸ್ಮರಣ ಗ್ರಂಥದಲ್ಲಿ ಬರೆದಿಟ್ಟರು. ಒಂದೇ ಹಡಗು, ಒಂದೇ ನೀರು, ಎರಡು ಪಟ್ಟಿ. ಆದರೂ ಬರೆದರು ಎಂಬುದು ದೊಡ್ಡ ಮಾತು. ಬರೆದದ್ದರಿಂದಲೇ ಮುಂಬಯಿಯಲ್ಲಿರುವ ನನ್ನ ಸೋದರಳಿಯ ಆಯೋಗದ ದಾಖಲೆಗಳಲ್ಲಿ ತಿಂಗಳುಗಟ್ಟಲೆ ಹುಡುಕಿ ಅವರನ್ನು ಪತ್ತೆಹಚ್ಚಿದ. ಹಡಗಿನ ಹೆಸರು ಸಿಕ್ಕಿತು, ತೀರಿಕೊಂಡ ದಿನ ಸಿಕ್ಕಿತು. ಎಂಬತ್ತು ವರ್ಷಗಳ ಮೇಲೆ ಆ ಮನೆಗೆ ಒಂದು ತಿಥಿ ಸಿಕ್ಕಿತು.

ಬೊಂಬಾಯಿಯ ಹುಡುಗನಾದರೋ ಸೈನಿಕನಲ್ಲ, ನಾವಿಕನೂ ಅಲ್ಲ. ಯಾವ ಆಯೋಗಕ್ಕೂ ಅವನು ಸೇರಿದವನಲ್ಲ. ಯಾವ ಕಲ್ಲೂ ಯಾವ ಗ್ರಂಥವೂ ಅವನಿಗಾಗಿ ಇಲ್ಲ. ಅವನ ಹೆಸರನ್ನು ಬರೆಯಬಹುದಾದ ಸ್ಥಳ ಈ ಲೋಕದಲ್ಲಿ ಒಂದೇ ಒಂದು, ಅದು ನಮ್ಮ ಮನೆಯ ಪುಸ್ತಕ. ಆ ಪುಸ್ತಕದಿಂದಲೂ ಅವನನ್ನು ಬಿಟ್ಟರೆ ಅವನು ಇದ್ದನೆಂಬುದಕ್ಕೆ ಪುರಾವೆ ಏನು?

ಇನ್ನು ಬಂಧುಗಳಲ್ಲಿ ಕೆಲವರು ಎತ್ತಿದ ಆಕ್ಷೇಪಗಳಿಗೆ ಬರುತ್ತೇನೆ. ಅವುಗಳನ್ನು ತಳ್ಳಿಹಾಕುವಂತಿಲ್ಲ.

ಮೊದಲನೆಯದು, ಇವರು ಬ್ರಿಟಿಷರ ಸಂಬಳಕ್ಕಾಗಿ ಹೋದವರು, ಸ್ವಾತಂತ್ರ್ಯಕ್ಕಾಗಿ ಹೋರಾಡಿದವರಲ್ಲ. ಇವರನ್ನು ಮೆರೆಸುವುದೇಕೆ ಎಂಬುದು. ನಾನು ಮೆರೆಸಿರೆಂದು ಹೇಳುತ್ತಿಲ್ಲ, ಬರೆಯಿರೆಂದು ಹೇಳುತ್ತಿದ್ದೇನೆ. ಮೆರೆಸುವುದು ಬೇರೆ, ಬರೆಯುವುದು ಬೇರೆ. ಹಸಿವಿನಿಂದ ಹೊರಟು ಪರರ ಯುದ್ಧದಲ್ಲಿ ಸತ್ತವನು ವೀರನೋ ಅಲ್ಲವೋ ಎಂಬ ಚರ್ಚೆಯನ್ನು ಬೇಕಾದವರು ಮಾಡಲಿ. ಅವನು ಒಬ್ಬಳು ತಾಯಿಯ ಮಗ, ಈ ಮನೆಯಲ್ಲಿ ಹುಟ್ಟಿದವನು ಎಂಬುದರಲ್ಲಿ ಚರ್ಚೆಯಿಲ್ಲ. ಅಷ್ಟಕ್ಕೂ ಸರಕಾರಗಳ ಸ್ಮರಣೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಕುದುರೆ ಪಡೆಗಳು ಹೈಫಾ ಪಟ್ಟಣವನ್ನು ಗೆದ್ದುಕೊಟ್ಟವು. ಬೆಂಗಳೂರಿನ ಜೆ. ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಬಹಳ ಕಾಲ ಅದರ ಬಳಿ ಹಾದುಹೋಗುವವರಿಗೇ ಅದು ಏನೆಂದು ತಿಳಿದಿರಲಿಲ್ಲ. 2018ರಲ್ಲಿ ದಿಲ್ಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರು ಸೇರಿದ ಮೇಲೆ ಎಲ್ಲರಿಗೂ ನೆನಪಾಯಿತು. ರಾಜ್ಯಗಳ ನೆನಪು ಹೀಗೆ ಹೋಗುತ್ತದೆ, ಬರುತ್ತದೆ. ಮನೆಯ ನೆನಪು ಹೋದರೆ ಮರಳಿ ಬರುವುದಿಲ್ಲ, ಏಕೆಂದರೆ ಅದನ್ನು ಹುಡುಕುವವರೇ ಇರುವುದಿಲ್ಲ.

ಎರಡನೆಯದು, ಶಾಂತಿಯಾದ ಕುಲೆಗಳನ್ನು ಹೆಸರೆತ್ತಿ ಮತ್ತೆ ಕರೆಯಬಾರದು, ಅದು ಒಳ್ಳೆಯದಲ್ಲ ಎಂಬ ಹಿರಿಯ ಹೆಂಗಸರ ಅಂಜಿಕೆ. ಆ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ನಮ್ಮ ಹಿರಿಯರ ಕ್ರಮಗಳನ್ನೇ ನೋಡೋಣ. ಹೆಣ ಸಿಗದೆ ಸತ್ತವರಿಗೆ ಹನ್ನೆರಡು ವರ್ಷ ಕಾದು, ದರ್ಭೆಯ ಅಥವಾ ಪಲಾಶದ ಆಕೃತಿಯನ್ನು ಮಾಡಿ ಸಂಸ್ಕಾರ ಮಾಡಬೇಕೆಂದು ಶಾಸ್ತ್ರ ಬಲ್ಲವರು ಹೇಳುತ್ತಾರೆ. ಗೋತ್ರ ಹೇಳಿ, ಹೆಸರು ಹೇಳಿ ತರ್ಪಣ ಬಿಡುತ್ತಾರೆ. ಕುಲೆ ಮದುವೆಯಲ್ಲಿಯೂ ಗಂಡಿನ ಬರಿ ಯಾವುದು, ಹೆಣ್ಣಿನ ಬರಿ ಯಾವುದು ಎಂದು ಕೇಳದೆ ಧಾರೆಯಾಗುವುದಿಲ್ಲ. ಅಂದರೆ ಸತ್ತವರ ಗುರುತು ಸ್ಪಷ್ಟವಾಗಿರಬೇಕೆಂಬುದೇ ಹಿರಿಯರ ಆಶಯವಾಗಿತ್ತು. ಅವರಿಗೆ ಅಕ್ಷರ ಗೊತ್ತಿರಲಿಲ್ಲ, ನಾಲಗೆಯಿಂದ ಕಾಪಾಡಿದರು. ನಮಗೆ ಅಕ್ಷರ ಗೊತ್ತಿದೆ.

ಮೂರನೆಯದು, ನಕ್ಷೆ ಗೋಜಲಾಗುತ್ತದೆ ಎಂಬುದು. ಇದೇ ಮುಖ್ಯವಾದ ಮಾತು. ಅಳಿಯಕಟ್ಟಿನ ವಂಶವೃಕ್ಷ ಹೆಣ್ಣಿನಿಂದ ಹೆಣ್ಣಿಗೆ ಇಳಿಯುತ್ತದೆ. ಗಂಡಸಿನ ಮಕ್ಕಳು ಅವನ ಹೆಂಡತಿಯ ಕುಟುಂಬಕ್ಕೆ ಸೇರುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಅನಂತರ ಆಸ್ತಿಯ ಲೆಕ್ಕ ಬದಲಾದರೂ ದೈವಸ್ಥಾನದ ಲೆಕ್ಕ ಹಾಗೆಯೇ ಉಳಿದಿದೆ. ಮದುವೆಯಾದ ಗಂಡಸನ್ನು ಅವನ ಮಕ್ಕಳಾದರೂ ಬೇರೆ ಮನೆಯಲ್ಲಿ ನೆನೆಯುತ್ತಾರೆ. ಮದುವೆಯಾಗದೆ ಸತ್ತವನನ್ನು ನೆನೆಯಬೇಕಾದವರು ಅವನ ಅಕ್ಕತಂಗಿಯರು ಮತ್ತು ಅವರ ಮಕ್ಕಳು ಮಾತ್ರ. ಯುದ್ಧವಾದರೋ ನುಂಗುವುದು ಇಂಥ ವಯಸ್ಸಿನವರನ್ನೇ. ಕುಡಿ ಮುಂದುವರಿದವರನ್ನು ಮಾತ್ರ ಬರೆಯುವ ನಕ್ಷೆ ಯುದ್ಧ ನುಂಗಿದವರನ್ನು ಎರಡನೆಯ ಬಾರಿ ನುಂಗುತ್ತದೆ. ಗೋಜಲಾದರೆ ಆಗಲಿ, ನಕ್ಷೆಯ ಕೊನೆಗೆ ಇನ್ನೊಂದು ಪುಟ ಸೇರಿಸಲಿ. ಅಚ್ಚಿನ ಖರ್ಚು ಹೆಚ್ಚಾದರೆ ಅದನ್ನು ನಾನು ಕೊಡುತ್ತೇನೆ.

ಹೆಸರು ಹುಡುಕುವುದು ಹೇಗೆಂದು ಕೇಳುವವರಿಗೆ, ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಬಸ್ರಾದ ಅಜ್ಜನ ನಿಜವಾದ ಹೆಸರು ತೊಂಬತ್ತು ದಾಟಿದ ನನ್ನ ಚಿಕ್ಕಮ್ಮನಿಗೂ ನೆನಪಿರಲಿಲ್ಲ. ಅದು ಸಿಕ್ಕಿದ್ದು ಒಂದು ಹಳೆಯ ಅಡವು ಪತ್ರದಲ್ಲಿ. ಅಳಿಯಕಟ್ಟಿನ ಕುಟುಂಬದ ಭೂಮಿಯನ್ನು ಅಡವಿಡುವಾಗ ಕುಟುಂಬದ ಸದಸ್ಯರನ್ನೆಲ್ಲ ಪತ್ರದಲ್ಲಿ ಹೆಸರಿಸುವ ರೂಢಿಯಿತ್ತು. ಅಜ್ಜಿಯ ಒಡಹುಟ್ಟಿದ ಗಂಡಸರಲ್ಲಿ ಮಿಕ್ಕವರ ವಿವರ ನಮಗೆ ಗೊತ್ತಿತ್ತು. ಅವರನ್ನು ಕಳೆದರೆ ಉಳಿದ ಹೆಸರು ಒಂದೇ. ಚಿಕ್ಕಮ್ಮನ ಮುಂದೆ ಆ ಹೆಸರನ್ನು ಓದಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಅಮ್ಮ ಒಮ್ಮೊಮ್ಮೆ ಅಳುವಾಗ ಅದೇ ಹೆಸರು ಹೇಳುತ್ತಿದ್ದರು" ಎಂದರು.

ಆದ್ದರಿಂದ ಮನೆಯ ಹಳೆಯ ಕಾಗದಗಳನ್ನು ಗುಜರಿಗೆ ಹಾಕಬೇಡಿ. ಅಡವು ಪತ್ರ, ಗೇಣಿ ಚೀಟಿ, ಪಾಲುಪಟ್ಟಿ, ಮನಿಯಾರ್ಡರಿನ ತುಂಡು, ಎಲ್ಲವನ್ನೂ ಒಮ್ಮೆ ಓದಿ. ಯುದ್ಧ ಸಮಾಧಿ ಆಯೋಗದ ದಾಖಲೆಗಳನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಹುಡುಕುವಾಗ ಒಂದೇ ಕಾಗುಣಿತಕ್ಕೆ ಜೋತುಬೀಳಬೇಡಿ. ಬರೆದುಕೊಂಡವರು ಇಂಗ್ಲಿಷ್ ಗುಮಾಸ್ತರು. ಹೆಸರಿಗೆ ನಾಲ್ಕಾರು ರೂಪಗಳಿರುತ್ತವೆ. ಊರಿನ ಹೆಸರೂ ಹಾಗೆಯೇ. ನಮ್ಮ ಉಡುಪಿ ಜಿಲ್ಲೆ 1997ರಲ್ಲಿ ಹುಟ್ಟಿದ್ದು. ಯುದ್ಧಗಳ ಕಾಲದಲ್ಲಿ ನಾವು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯವರು. ಉಡುಪಿಯನ್ನು 'ಉಡಿಪಿ' ಎಂದು ಬರೆಯುತ್ತಿದ್ದರು. ಇನ್ನೊಂದು ತೊಡಕಿದೆ: ಅವರ ಪುಸ್ತಕಗಳು ತಂದೆಯ ಹೆಸರನ್ನು ಕೇಳುತ್ತವೆ, ನಮ್ಮ ಮನೆಗಳು ತಾಯಿಯ ಬರಿಯನ್ನು ನೆನಪಿಡುತ್ತವೆ. ಆದ್ದರಿಂದ ಎರಡನ್ನೂ ಗುರುತು ಹಾಕಿಕೊಂಡೇ ಹುಡುಕಬೇಕು.

ಬರೆದಿಡುವಾಗ ಇಷ್ಟನ್ನಾದರೂ ಬರೆಯಿರಿ: ಅವರ ಪೂರ್ಣ ಹೆಸರು, ತಾಯಿಯ ಮತ್ತು ತಂದೆಯ ಹೆಸರು, ಬರಿ, ಹುಟ್ಟಿದ ಮನೆ, ಎಲ್ಲಿಗೆ ಯಾವ ಕೆಲಸಕ್ಕೆ ಹೋದರು, ಸಾವಿನ ಸುದ್ದಿ ಹೇಗೆ ಬಂತು. ಅದರ ಕೆಳಗೆ, ಇದನ್ನು ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದನ್ನೂ ಬರೆಯಿರಿ. ತರಗತಿಯಲ್ಲಿ ನಾನು ಆಧಾರ, ಆಧಾರ ಎಂದು ನಿಮ್ಮ ತಲೆ ತಿನ್ನುತ್ತಿದ್ದುದು ನೆನಪಿರಬಹುದು. ಅದು ಪರೀಕ್ಷೆಗಾಗಿ ಹೇಳಿದ ಮಾತಲ್ಲ.

ಕುಟುಂಬಗಳು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆಯಿದೆ. 1942ರ ನವೆಂಬರ್ 23ರಂದು ಬೊಂಬಾಯಿಯಿಂದ ಆಫ್ರಿಕಾಕ್ಕೆ ಹೊರಟಿದ್ದ ತಿಲಾವಾ ಎಂಬ ಪ್ರಯಾಣಿಕ ಹಡಗನ್ನು ಜಪಾನಿನ ಜಲಾಂತರ್ಗಾಮಿಯೊಂದು ಅರಬೀ ಸಮುದ್ರದಲ್ಲಿ ಮುಳುಗಿಸಿತು. 958 ಮಂದಿಯಲ್ಲಿ 280 ಮಂದಿ ಸತ್ತರು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹಡಗಿನ ಹೆಸರೇ ಇರಲಿಲ್ಲ. ಅದರಲ್ಲಿ ಮುತ್ತಜ್ಜನನ್ನು ಕಳೆದುಕೊಂಡ ಒಂದು ಗುಜರಾತಿ ಕುಟುಂಬದವರು ಹುಡುಕಾಟಕ್ಕೆ ತೊಡಗಿ, ಉಳಿದ ಕುಟುಂಬಗಳನ್ನು ಒಂದೊಂದಾಗಿ ಪತ್ತೆಹಚ್ಚಿದರು. 2022ರಲ್ಲಿ, ಎಂಬತ್ತು ವರ್ಷ ತುಂಬಿದ ದಿನ, ಅವರೆಲ್ಲ ಮುಂಬಯಿಯಲ್ಲಿ ಸೇರಿದರು. ಬದುಕಿ ಉಳಿದಿದ್ದ ಇಬ್ಬರು ವೃದ್ಧರೂ ಬಂದಿದ್ದರು. ಸರಕಾರ ಕರೆಯಲೆಂದು ಅವರು ಕಾಯಲಿಲ್ಲ.

ಇದು ಹಳೆಯ ಯುದ್ಧಗಳ ಮಾತು ಮಾತ್ರ ಎಂದು ತಿಳಿಯಬೇಡಿ. 2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಮರಳಲಿಲ್ಲ. ಅದರಲ್ಲಿ ಏಳು ಮಂದಿ ಇದ್ದರು, ನಮ್ಮ ಕಡೆಯವರು ಮತ್ತು ಉತ್ತರ ಕನ್ನಡದವರು. 2019ರ ಮೇ ತಿಂಗಳಲ್ಲಿ ಮಾಲ್ವಣದ ಹತ್ತಿರದ ಆಳ ಕಡಲಿನಲ್ಲಿ ನೌಕಾಪಡೆಯವರು ದೋಣಿಯ ಅವಶೇಷವನ್ನು ಕಂಡರು, ಮನುಷ್ಯರು ಸಿಗಲಿಲ್ಲ. ಹೆಣವಿಲ್ಲದ ಸಾವು ಮನೆಯವರಿಗೆ ಎಂಥ ನರಕವೆಂಬುದನ್ನು ಆ ತಿಂಗಳುಗಳಲ್ಲಿ ಮಲ್ಪೆಯವರೆಲ್ಲ ಕಣ್ಣಾರೆ ಕಂಡಿದ್ದೇವೆ. ಅಳಬೇಕೋ ಕಾಯಬೇಕೋ ತಿಳಿಯದ ತಾಯಂದಿರನ್ನು ಕಂಡ ಮೇಲೆ, ನಮ್ಮ ಅಜ್ಜಿ ಮಗನ ಕಾಗದವನ್ನು ಅಕ್ಕಿಮುಡಿಯ ಸಂದಿಯಲ್ಲಿ ಏಕೆ ಇಟ್ಟರೆಂಬುದು ನನಗೆ ಹೆಚ್ಚು ಅರ್ಥವಾಯಿತು. ಆ ಏಳು ಮಂದಿಯ ಹೆಸರುಗಳು ಆಗ ಎಲ್ಲ ಪತ್ರಿಕೆಗಳಲ್ಲಿ ಬಂದವು. ಐವತ್ತು ವರ್ಷಗಳ ಮೇಲೆ ಅವರ ಮನೆಗಳಲ್ಲಿ ಆ ಹೆಸರುಗಳು ಉಳಿದಿರಬೇಕಾದರೆ ಈಗಲೇ ಬರೆದಿಡಬೇಕು.

ನಮ್ಮ ಮೂವರ ಹೆಸರುಗಳನ್ನು ಇಲ್ಲಿ ಬರೆದಿಲ್ಲವೇಕೆಂದು ನೀವು ಕೇಳಬಹುದು. ಅವು ಮೊದಲು ಅಚ್ಚಾಗಬೇಕಾದುದು ಮನೆಯ ಸಂಚಿಕೆಯಲ್ಲಿ, ಅವರ ಅಕ್ಕತಂಗಿಯರ ಹೆಸರಿನ ಪಕ್ಕದಲ್ಲಿ. ಸಮಿತಿಯ ಮುಂದಿನ ಸಭೆಗೆ ಮೂರು ಹೆಸರುಗಳನ್ನೂ ಅವುಗಳ ಆಧಾರಗಳನ್ನೂ ಬರೆದು ಕೊಟ್ಟಿದ್ದೇನೆ. ತರುಣರು ಒಪ್ಪುವರೆಂಬ ನಂಬಿಕೆ ನನಗಿದೆ. ಬರುವ ಆಟಿಯಲ್ಲಿ ಬಡಿಸುವಾಗ ಯಜಮಾನರು ಆ ಮೂರು ಹೆಸರುಗಳನ್ನು ಬಾಯಿಬಿಟ್ಟು ಓದಲಿ. ಆಮೇಲೆ ಗೊತ್ತಿಲ್ಲದವರನ್ನೂ ಕರೆಯಲಿ.

ನಿಮ್ಮ ನಿಮ್ಮ ಮನೆಗಳಲ್ಲಿಯೂ ಒಬ್ಬ 'ರಂಗೂನಿನ ಅಜ್ಜ'ನೋ 'ಮಿಲಿಟರಿ ಮಾವ'ನೋ ಇರಬಹುದು. ಅವರ ಹೆಸರು ಗೊತ್ತಿರುವ ಹಿರಿಯರು ಇನ್ನೂ ಒಬ್ಬರೋ ಇಬ್ಬರೋ ಇದ್ದಾರು. ಈ ರಜೆಯಲ್ಲಿ ಊರಿಗೆ ಬಂದಾಗ ಅವರ ಬಳಿ ಕುಳಿತು, ಒಂದು ಪುಸ್ತಕ, ಒಂದು ಪೆನ್ನು ಹಿಡಿದು ಕೇಳಿ. ಸಿಕ್ಕಿದ ಹೆಸರನ್ನು ನನಗೂ ತಿಳಿಸಿದರೆ ಸಂತೋಷಪಡುತ್ತೇನೆ.